ಕಡಿತದ ರಿಜಿಸ್ಟರಿಗೆ ಇನ್ನೊಂದು ಕಾಲಂ

ಬೇಲಿ ವರ್ಷ ನೂರಾ ಹದಿನೇಳು,
ಹದಿಮೂರನೆಯ ತಿಂಗಳು, ಮೂವತ್ತೆಂಟನೆಯ ದಿನ

ಹಿಂದಿನ ಕಾಲದಲ್ಲಿ ಪ್ರಾಣಿಮನೆಯೊಳಗೆ ಮಂಗಗಳ ಆರೈಕೆ ಮಾಡುತ್ತಿರುವ ನಿಮಗೆ ಹುಲಿಗೆಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವಳು ಬರೆದಿದ್ದಾಳೆಂದು ಕಾಗದ ಬಿಸಾಡಬೇಡಿ. ನಮ್ಮಲ್ಲಿ ನಕ್ಷತ್ರಕ್ಕೊಂದರಂತೆ ಇಪ್ಪತ್ತೇಳು ದಿನಗಳ ಹನ್ನೆರಡು ತಿಂಗಳು. ಮಿಕ್ಕ ನಲವತ್ತೊಂದು ದಿನಗಳನ್ನು ಎಲ್ಲಿಡುವುದೆಂದು ತಿಳಿಯದೆ ಹದಿಮೂರನೆಯದೊಂದು ತಿಂಗಳು ಮಾಡಿ ಅದರೊಳಗೆ ತುರುಕಿದ್ದಾರೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಈ ಪ್ರಾಣಿಮನೆಯ ಹಳೆಯ ರಿಜಿಸ್ಟರುಗಳಿಂದ. ಹಾಗಾಗಿ ಮಂಗಕ್ಕೆ ಭೇದಿಯಾದದ್ದನ್ನು ಸೊಗಸಾಗಿ ಬರೆಯಬಲ್ಲೆ. ಸುಖದುಃಖ ಬರೆಯುವಾಗ ತಡವರಿಸುತ್ತೇನೆ.

ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ. ಗೋಡೆಯಲ್ಲಿ ಒಂದು ಕೆಂಪು ಡಬ್ಬಿಯಿದೆ. ಕಾಗದ ಹಾಕಿ ಮುಚ್ಚಳ ಮುಚ್ಚಿ ತೆರೆದರೆ ಕಾಗದ ಇರುವುದಿಲ್ಲ. ಒಳಗೆ ಸುಟ್ಟುಹಾಕುತ್ತಾರೆಂದು ನನ್ನ ಜೊತೆಗಾರ ದ್ಯಾಮಣ್ಣನ ವಾದ. ಒಬ್ಬೊಬ್ಬರಿಗೆ ತೊಂಬತ್ತು ದಿನಕ್ಕೊಂದು ಕಾಗದ, ಅದೂ ಕಸುಬಿನವರು ಕಸುಬಿನವರಿಗೆ ಮಾತ್ರ. ಜ್ವರದ ಭಯದಿಂದ ಈ ಮನೆಯ ಒಂದು ಚೂರು ಕಾಗದವೂ ನಮ್ಮದೇ ಕಾಲದ ಹೊರಗಿನವರಿಗೆ ಹೋಗುವಂತಿಲ್ಲ. ನನ್ನ ಮಗಳಿರುವುದು ನಾಲ್ಕು ಹರದಾರಿ ದೂರದಲ್ಲಿ. ಅವಳಿಗೆ ಒಂದು ಚೀಟಿ ಕಳಿಸಲಾರೆ, ನಿಮಗೆ ಕಳಿಸಬಲ್ಲೆ.

ನಾವಿರುವುದು ಹೊಳೆಯಿಂದ ಈಚೆ, ಬಂಡೆಗುಡ್ಡಗಳ ನಡುವೆ. ನಿಮ್ಮ ಕಾಲದಲ್ಲಿ ಇದೇ ಬಂಡೆಗಳ ಮೇಲೆ ಮಂಗಗಳು ಯಾರ ಅಪ್ಪಣೆಯೂ ಇಲ್ಲದೆ ಕೂತು, ಬಂದುಹೋಗುವವರ ಕೈಯ ಬಾಳೆಹಣ್ಣು ಕಿತ್ತುಕೊಳ್ಳುತ್ತಿದ್ದವಂತೆ. ಈಗ ಬಂಡೆಗಳು ಹೊರಗಿವೆ, ಮಂಗಗಳು ಒಳಗಿವೆ, ಅವುಗಳ ಜೊತೆ ನಾವೂ ಒಳಗಿದ್ದೇವೆ. ಬೂದಿಜ್ವರ ಬಂದ ಮೇಲೆ ಊರೂರಿಗೂ ಬೇಲಿ ಬಿತ್ತು. ನಮ್ಮ ವರ್ಷಗಳ ಎಣಿಕೆ ಶುರುವಾಗುವುದು ಅಲ್ಲಿಂದಲೇ. ಅದು ಮೈಯೆಲ್ಲ ಒಲೆಯ ಬೂದಿಯ ಬಣ್ಣಕ್ಕೆ ತಿರುಗುವ ಜ್ವರ. ಅದರ ಔಷಧಿಯನ್ನು ಇನ್ನೂ ಹುಡುಕುತ್ತಿದ್ದಾರೆ. ಹುಡುಕುವವರು ಮೇಲಿನ ಮಹಡಿಯಲ್ಲಿ ಗಾಜಿನ ಹಿಂದೆ ಇರುತ್ತಾರೆ. ಹುಡುಕಾಟ ನಡೆಯುವುದು ಕೆಳಗೆ, ನೂರಾ ಅರವತ್ತೆರಡು ಮಂಗಗಳ ಮೈಯಲ್ಲಿ.

ಮಂಗವನ್ನು ಮುಟ್ಟಿದವರು ಹೊರಗೆ ಹೋಗಬೇಕಾದರೆ 'ತೊಂಬತ್ತು' ಮುಗಿಸಬೇಕು. ಹಲ್ಲು, ಉಗುರು, ಸೂಜಿ, ಈ ಮೂರರಲ್ಲಿ ಒಂದರಿಂದಲೂ ಗಾಯವಾಗದೆ ಸತತವಾಗಿ ತೊಂಬತ್ತು ದಿನ ಕಳೆಯುವುದಕ್ಕೆ ನಾವಿಟ್ಟ ಹೆಸರದು. ಎಂಬತ್ತೊಂಬತ್ತನೆಯ ದಿನ ಕಿರುಬೆರಳು ತರಚಿದರೂ ಮರುದಿನ ನೀವು ಒಂದನೆಯ ದಿನದವರು. ಮುಗಿಸಿದ ಮೇಲೆ ಇನ್ನೂ ಇರುತ್ತೇನೆಂದರೂ ಇರಗೊಡುವುದಿಲ್ಲ. ಮೂವತ್ತು ದಿನ ಮನೆಗೆ ಹೋಗಲೇಬೇಕು, ನಿಮ್ಮ ಸಾಲಿನ ಪಂಜರಗಳು ಇನ್ನೊಬ್ಬರ ಕೈಗೆ. ಮಂಗಗಳಿಗೂ ಎಣಿಕೆಯಿದೆ. ಕೆಲಸದವರನ್ನು ಗಾಯಮಾಡಿದ ಒಂದೊಂದು ಸಲಕ್ಕೂ ಒಂದು ಗುರುತು, ಮೂರನೆಯ ಗುರುತಿಗೆ ಕೊನೆಕೋಣೆ. ಹೆಸರೇ ಹೇಳುತ್ತದೆ, ನಾನು ವಿವರಿಸುವುದಿಲ್ಲ.

ಇವೆಲ್ಲ ದಾಖಲಾಗುವುದು ಕಡಿತದ ರಿಜಿಸ್ಟರಿನಲ್ಲಿ. ಅದಕ್ಕೆ ಆರು ಕಾಲಂ: ದಿನಾಂಕ, ಪ್ರಾಣಿಯ ನಂಬರು, ಕೆಲಸದವರ ಹೆಸರು, ಮೈಯ ಭಾಗ, ಗಾಯದ ಆಳ, ಕೈಗೊಂಡ ಕ್ರಮ. ಈ ಗೆರೆಗಳನ್ನು ಎಳೆದವರು ನಿಮ್ಮ ಕಾಲದವರು. ಮೊದಲ ಪುಸ್ತಕ ಇನ್ನೂ ನಮ್ಮ ಕಪಾಟಿನಲ್ಲಿದೆ. ಅದನ್ನೇ ನಕಲು ಮಾಡುತ್ತ ಬಂದಿದ್ದೇವೆ. ಅದರ ಮೊದಲ ಪುಟದ ಮೂಲೆಯಲ್ಲಿ ಚಹಾದ ಲೋಟದ ದುಂಡು ಕಲೆಯಿದೆ. ನಿಮ್ಮದೇ ಲೋಟ ಇರಬಹುದು.

ನಮ್ಮ ದಿನ ಶುರುವಾಗುವುದು ಬೆಳಿಗ್ಗೆ ಆರಕ್ಕೆ, ನಾಲ್ಕು ಸ್ನಾನಗಳಲ್ಲಿ ಮೊದಲನೆಯದರಿಂದ. ಔಷಧಿ ಬೆರೆಸಿದ ನೀರಿಗೆ ಕೈಯ ಚರ್ಮ ಹಳೆಯ ಗೋಡೆಯ ಸುಣ್ಣದಂತೆ ಏಳುತ್ತದೆ, ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವೆ. ಆಮೇಲೆ ಹಳದಿ ಅಂಗಿ ಹಾಕಿ ನೆನೆಸಿದ ಕಡಲೆ, ಸೌತೆಕಾಯಿ ಹೋಳು, ಜೋಳದ ಉಂಡೆ ಹಂಚುತ್ತೇವೆ. ಶೇಂಗಾ ಬೀಜವನ್ನು ಮಾತ್ರ ಮರದ ಹೊಟ್ಟಿನಲ್ಲಿ ಬಚ್ಚಿಡುತ್ತೇವೆ, ಹುಡುಕುತ್ತ ಅವುಗಳಿಗೆ ಹೊತ್ತು ಹೋಗಲಿ ಎಂದು. ಒಂಬತ್ತಕ್ಕೆ ಹಸಿರು ಅಂಗಿ: ಪಂಜರ ತೊಳೆಯುವುದು, ಉಳಿದ ಕಡಲೆ ಎಣಿಸುವುದು, ಮಲ ಗಟ್ಟಿಯೋ ತೆಳುವೋ ಎಂದು ಐದಕ್ಕೆ ಅಂಕ ಕೊಡುವುದು. ನನ್ನ ಶಾಲೆಯ ಮೇಷ್ಟರು ವರ್ಷವಿಡೀ ನನಗೆ ಕೊಟ್ಟದ್ದಕ್ಕಿಂತ ಹೆಚ್ಚು ಅಂಕಗಳನ್ನು ನಾನು ಒಂದು ಬೆಳಿಗ್ಗೆ ಮಂಗಗಳಿಗೆ ಕೊಡುತ್ತೇನೆ. ರಕ್ತ ತೆಗೆಯುವಾಗ, ಔಷಧಿ ಚುಚ್ಚುವಾಗ ಬಿಳಿ ಅಂಗಿ. ಹಳದಿ ಎಂದರೆ ಊಟ, ಹಸಿರೆಂದರೆ ನೀರು, ಬಿಳಿಯೆಂದರೆ ಸೂಜಿ. ಈ ಬಣ್ಣದ ನಿಯಮ ಮೇಲಿನವರ ಯಾವ ಪುಸ್ತಕದಲ್ಲೂ ಇಲ್ಲ. ನಮಗಿಂತ ಮೊದಲು ಇಲ್ಲಿ ದುಡಿದವರು ಮಂಗಗಳಿಗೆ ಕೊಟ್ಟ ಮಾತು ಅದು. ಹಳದಿ ಕಂಡರೆ ಅವು ನೆಮ್ಮದಿಯಿಂದ ತಿನ್ನಬಹುದು. ಬಿಳಿ ಕಂಡರೆ ಮುಂದೇನೆಂದು ಗೊತ್ತಿರುತ್ತದೆ.

ನಾನು ಹುಟ್ಟಾ ಟೆಕ್ನಿಶಿಯನ್ ಅಲ್ಲ. ಹದಿನಾರು ವರ್ಷ ಬಸ್‌ಸ್ಟ್ಯಾಂಡಿನ ಎದುರು ಬಳೆ ಮಾರಿದವಳು. ಇಲ್ಲಿಗೆ ಬಂದದ್ದು ಕಸ ಗುಡಿಸಲು. ಆಗ ರಕ್ತ ತೆಗೆಯಲು ಎಲ್ಲರೂ ಸರಿಗೋಡೆ ಬಳಸುತ್ತಿದ್ದರು. ಪಂಜರದ ಹಿಂಗೋಡೆ ಹಲ್ಲುಚಕ್ರದ ಮೇಲೆ ಮುಂದಕ್ಕೆ ಸರಿದು ಮಂಗವನ್ನು ಸರಳಿಗೆ ಒತ್ತಿ ಹಿಡಿಯುತ್ತದೆ. ಅದರ ಕೂಗು ಕೇಳಿದ ಮೇಲೆ ಮಧ್ಯಾಹ್ನದ ರೊಟ್ಟಿ ಇಳಿಯುತ್ತಿರಲಿಲ್ಲ. ಬಳೆ ತೊಡಿಸುವವಳಿಗೆ ಒಂದು ವಿಷಯ ಗೊತ್ತಿರುತ್ತದೆ: ಗಟ್ಟಿಯಾಗಿ ಹಿಡಿದ ಕೈ ಬಿಗಿಯುತ್ತದೆ. ಕೈಯನ್ನು ಅವರೇ ನೀಡಬೇಕು, ಹೆಬ್ಬೆರಳ ಬುಡವನ್ನು ಮೆಲ್ಲಗೆ ಒಳಕ್ಕೆ ಮಡಚಬೇಕು, ನಮ್ಮ ಬಾಯಿ ಮಾತ್ರ ನಿಲ್ಲಬಾರದು. ಪಂಜರದ ಮುಂದೆ ಏಳು ತಿಂಗಳು ಕೂತು ಮಾತಾಡಿದೆ. ಕೊನೆಗೆ ಒಂದು ಹೆಣ್ಣುಮಂಗ ಕೈಕಿಂಡಿಯಿಂದ ತೋಳನ್ನು ತಾನೇ ಹೊರಗೆ ಚಾಚಿ, ಸೂಜಿ ಹಾಕಿಸಿಕೊಂಡು, ಶೇಂಗಾ ಕೇಳಿತು. ಕೈಕಿಂಡಿಯೆಂದರೆ ಸರಳುಗಳ ನಡುವಿನ ಅಂಗೈಯಗಲದ ಸಂದು. ಮೇಲಿನವರು ಬೆರಗಾಗಿ ನನ್ನ ಕೈಯ ಕಸಬರಿಗೆ ಕಿತ್ತುಕೊಂಡು ಸಿರಿಂಜು ಕೊಟ್ಟರು.

ಅವಳ ನಂಬರು ನಾನೂರ ಹನ್ನೆರಡು. ನಾವು ಕರೆಯುವುದು ಗೌಡ್ತಿ ಎಂದು. ತಟ್ಟೆ ಮುಂದಿಟ್ಟರೆ ತಕ್ಷಣ ಮುಟ್ಟುವುದಿಲ್ಲ. ಊಟಕ್ಕೆ ಕರೆದ ರೀತಿ ಸರಿಯಿತ್ತೇ ಎಂದು ವಿಚಾರಿಸುವವಳಂತೆ ಒಮ್ಮೆ ನಮ್ಮನ್ನು ನೋಡಿ ಆಮೇಲೆ ಕೈ ಹಾಕುತ್ತಾಳೆ. ಹತ್ತೊಂಬತ್ತು ವರ್ಷ, ನಾಲ್ಕು ಕಿಲೋ ನೂರು ಗ್ರಾಂ, ಎಡಗಿವಿಯ ತುದಿ ಹರಿದಿದೆ. ಪ್ರಾಯದಲ್ಲಿ ಹಿಡಿಯುವವರನ್ನು ಕಚ್ಚಿ ಸಂಪಾದಿಸಿದ ಎರಡು ಗುರುತುಗಳಿವೆ.

ಎಂಟು ದಿನಕ್ಕೊಮ್ಮೆ ನಮ್ಮ ರಕ್ತವನ್ನೂ ತೆಗೆಯುತ್ತಾರೆ. ಹೊರಗಿನ ನರ್ಸು ಒಳಗೆ ಬರುವಂತಿಲ್ಲ, ಆದ್ದರಿಂದ ಗೋಡೆಯಲ್ಲಿ ಒಂದು ಸಂದು. ತೋಳು ಚಾಚಬೇಕು, ಆಚೆ ಯಾರೋ ಹಿಡಿದು ಚುಚ್ಚಿ, ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟು ಕಳಿಸುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಎರಡನೆಯ ತಿಂಗಳಲ್ಲೊಮ್ಮೆ ನೋಡಿಕೊಂಡರೆ, ಇನ್ನೂ ನನ್ನ ಹೆಸರು ಕೂಗಿರಲಿಲ್ಲ, ನಾನಾಗಲೇ ತೋಳು ಚಾಚಿ ನಿಂತಿದ್ದೆ.

ಈಗ ಆ ದಿನಕ್ಕೆ ಬರುತ್ತೇನೆ. ಅದು ನನ್ನ ತೊಂಬತ್ತರ ಎಂಬತ್ತೆಂಟನೆಯ ದಿನ. ಮಗಳು ಶಿವಗಂಗಾಗೆ ಏಳು ತಿಂಗಳು ತುಂಬಿತ್ತು, ಆ ವಾರವೇ ಕುಬಸ ಇಟ್ಟುಕೊಂಡಿದ್ದರು. ಊರಿನ ಅರ್ಧ ಬಸುರಿಯರಿಗೆ ಹಸಿರು ಬಳೆ ತೊಡಿಸಿದವಳು ನಾನು, ನನ್ನ ಮಗಳಿಗೆ ಬೇರೆಯವರು ತೊಡಿಸಬಾರದು ಎಂಬುದೊಂದೇ ನನ್ನ ಆಸೆ. ಅಂದು ಬೆಳಿಗ್ಗೆ ಬಟ್ಟೆ ಬೇಯಿಸುವ ಹಬೆಪೆಟ್ಟಿಗೆಯ ಬಾಗಿಲು ಕಚ್ಚಿಕೊಂಡು, ಬಿಳಿ, ಹಸಿರು ಅಂಗಿಗಳೆಲ್ಲ ಒಳಗೆ ಉಳಿದವು. ಹತ್ತೂಮುಕ್ಕಾಲಿಗೆ ಮೇಲಿನ ಪಶುವೈದ್ಯರು, ಡಾಕ್ಟರ್ ಖಾಜಾಹುಸೇನ್, ಸೂರಿನ ಸ್ಪೀಕರಿನಲ್ಲಿ ಕೂಗಿದರು.

"ಹುಲಿಗೆಮ್ಮಾರ, ಹನ್ನೊಂದಕ್ಕ ಗಾಡಿ ಹೊಂಡತೈತಿ. ನಾನೂರ ಹನ್ನೆರಡರ ರಕ್ತ ಎಲ್ಲೈತಿ?"

"ಬಿಳಿ ಅಂಗಿ ಎಲ್ಲಾ ಪೆಟ್ಟಿಗ್ಯಾಗ ಸಿಕ್ಕಾವ್ರಿ ಸಾಹೇಬ್ರ. ಬಾಗಲಾ ತೆರೀವಲ್ದು."

"ಸೂಜಿ ಅಂಗಿಗೆ ಹಾಕ್ತೀರೋ, ಮಂಗ್ಯಾಗ ಹಾಕ್ತೀರೋ? ಮೈಮ್ಯಾಲೆ ಯಾವ್ದೈತಿ ಅದರಾಗ ಮುಗಸ್ರಿ."

ಮೈಮೇಲಿದ್ದದ್ದು ಹಳದಿ. ಒಲ್ಲೆ ಎನ್ನಬಹುದಿತ್ತು. ಒಲ್ಲೆ ಎಂದರೆ ವಿಚಾರಣೆ, ವಿಚಾರಣೆಗೆ ಎಷ್ಟು ದಿನವೋ. ನನಗೆ ಉಳಿದದ್ದು ಎರಡು. ಗೊತ್ತಿದ್ದೂ ಹೋದೆ. ಹಳದಿ ಕಂಡು ಗೌಡ್ತಿ ಶೇಂಗಾಕ್ಕೆ ಅಂಗೈ ಬಿಡಿಸಿ ಹಿಡಿದಳು. ನಾನು ಎಂದಿನಂತೆ ಮಾತಾಡುತ್ತ ಆ ಕೈ ಹಿಡಿದು ಚುಚ್ಚಿದೆ. ಅವಳು ಕೂಗಲಿಲ್ಲ. ಒಂದು ಕ್ಷಣ ನನ್ನ ಅಂಗಿಯನ್ನು ನೋಡಿದಳು, ಆಮೇಲೆ ಗ್ಲೌಸು ಮುಗಿಯುವಲ್ಲಿ ನನ್ನ ಮಣಿಕಟ್ಟನ್ನು ಕಚ್ಚಿದಳು.

ಮುಚ್ಚಿಡುವ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ತೋಳು ಇಳಿಬಿಟ್ಟರೆ ಗಾಯ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಎರಡು ದಿನದ ಮೇಲೆ ಅದೇ ಕೈಯಿಂದ ಮಗಳ ಹೊಟ್ಟೆ ಸವರಬೇಕಾಗಿತ್ತು. ನಿಜ ಬರೆದರೆ ಗೌಡ್ತಿಗೆ ಮೂರನೆಯ ಗುರುತು. ಅರ್ಧ ಗಂಟೆ ಪುಸ್ತಕದ ಮುಂದೆ ಕೂತು, ಕೊನೆಗೆ ಪ್ರಾಣಿಯ ನಂಬರಿನ ಕಾಲಂನಲ್ಲಿ ಅಡ್ಡಗೆರೆ ಹಾಕಿ, 'ಸೂಜಿ ಚುಚ್ಚಿದ ಗಾಯ' ಎಂದು ಬರೆದೆ. ಸೂಜಿಗೂ ಹಲ್ಲಿಗೂ ಅದೇ ತಪಾಸಣೆ, ಅದೇ ತೊಂಬತ್ತು. ನಾನು ಉಳಿಯುತ್ತೇನೆ, ಜ್ವರ ಹೊರಗೆ ಹೋಗದು, ಗೌಡ್ತಿ ಬದುಕುತ್ತಾಳೆ. ಲೆಕ್ಕ ಸರಿಹೋಯಿತು ಎಂದುಕೊಂಡೆ.

ಸಹಿ ಹಾಕಬೇಕಾದ ಡಾಕ್ಟರು ಗಾಜಿಗೆ ಮುಖ ತಂದು ನನ್ನ ಮಣಿಕಟ್ಟನ್ನು ದಿಟ್ಟಿಸಿದರು. "ಸೂಜಿಗೆ ಹಲ್ಲು ಯಾವಾಗ ಬಂದ್ವು, ಹುಲಿಗೆಮ್ಮಾರ?"

"ಹಳದಿ ಅಂಗ್ಯಾಗ ಚುಚ್ಚಿದ್ರ ಬರ್ತಾವ್ರಿ ಸಾಹೇಬ್ರ," ಎಂದೆ.

ಅವರು ಸಹಿ ಹಾಕಿದರು.

ಕುಬಸದ ದಿನ, ವಾರಕ್ಕೊಮ್ಮೆ ನಮಗೆ ಮಾತಾಡಲು ಬಿಡುವ ಫೋನಿನಲ್ಲಿ, ಮಗಳ ಪಕ್ಕದ ಮನೆಯವರಿಗೆ ಬಳೆ ತೊಡಿಸುವುದನ್ನು ಹೇಳಿಕೊಟ್ಟೆ. ಹೆಬ್ಬೆರಳ ಬುಡ ಒತ್ತಿ, ಬಾಯಿ ನಿಲ್ಲಿಸಬೇಡಿ ಎಂದೆ. ಆಮೇಲೆ ಶಿವಗಂಗಾ ಫೋನು ತೆಗೆದುಕೊಂಡಳು. "ಯವ್ವಾ, ಮೂರು ಒಡದ್ವು. ಅವರು ಬಾಯಿ ನಿಲ್ಲಿಸಲಿಲ್ಲ ಖರೆ, ಬರೇ ತಮ್ಮ ಸೊಸೀನ ಬೈದ್ರು," ಎಂದು ನಕ್ಕಳು. ನಗು ಮುಗಿದ ಮೇಲೂ ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಕೂಸು ಹುಟ್ಟಿ ಈಗ ಇಪ್ಪತ್ತೆರಡು ದಿನ. ಹೆಣ್ಣು. ಅದರ ಅಳು ನನಗೆ ಗೊತ್ತು, ಮುಖ ಗೊತ್ತಿಲ್ಲ.

ಸುಳ್ಳು ಬರೆದದ್ದು ಬರೆದ ಜಾಗದಲ್ಲೇ ಇರುತ್ತದೆ ಎಂದುಕೊಂಡದ್ದು ನನ್ನ ದಡ್ಡತನ. ಪುಸ್ತಕದ ಪ್ರಕಾರ ಗೌಡ್ತಿ ಇಂದಿಗೂ ತಾನಾಗಿ ಕೈ ಚಾಚುವ, ಸೌಮ್ಯ ಸ್ವಭಾವದ ಪ್ರಾಣಿ. ಪಂಜರದೊಳಗಿನ ಗೌಡ್ತಿಯಾದರೋ ಅಂದಿನಿಂದ ಯಾವ ಬಣ್ಣವನ್ನೂ ನಂಬಲಿಲ್ಲ. ನಾನು ತಟ್ಟೆಯಿಟ್ಟು ಕಣ್ಮರೆಯಾಗುವವರೆಗೆ ಕಡಲೆ ಮುಟ್ಟುತ್ತಿರಲಿಲ್ಲ. ಒಂದು ತಿಂಗಳಲ್ಲಿ ಮುನ್ನೂರು ಗ್ರಾಂ ಇಳಿದಳು. ಎಂಟು ದಿನಕ್ಕೊಮ್ಮೆಯಂತೆ ಏಳು ಸಲ ಅವಳ ರಕ್ತವನ್ನು ನಾನೇ ಸರಿಗೋಡೆ ಸರಿಸಿ ತೆಗೆದೆ, ಪುಸ್ತಕದಲ್ಲಿ 'ಕೈ ಚಾಚಿದಳು' ಎಂದು ಬರೆದೆ. ಒಂದು ಸುಳ್ಳಿಗೆ ಕಾವಲಾಗಿ ಇನ್ನೂ ಏಳು.

ಆ ದಿನಗಳಲ್ಲೇ ದಿನವೂ ಒಂದು ಗಂಟೆ ಬಿಳಿ ಅಂಗಿ ಹಾಕಿಕೊಂಡು, ಬರಿಗೈ ತೋರಿಸಿ, ಅವಳ ಮುಂದೆ ಕೂರತೊಡಗಿದೆ. ಬಳೆ ಮಾರುವಾಗಿನ ಸುದ್ದಿಗಳನ್ನೆಲ್ಲ ಹೇಳಿ ಮುಗಿಸಿದೆ. ಸೂಜಿಯನ್ನು ಮೊದಲೇ ತೋರಿಸಿದೆ, ಮೂಸಲು ಬಿಟ್ಟೆ. ನನ್ನ ಈ ತೊಂಬತ್ತರ ಅರವತ್ತೊಂದನೆಯ ದಿನ ಅವಳು ತೋಳು ಚಾಚಿದಳು. ನನಗೆ ಅಳು ಬಂತು; ಮುಖದ ಗಾಜು ಮಬ್ಬಾಗಿ ಸೂಜಿ ಹಾಕಲಾಗದೆ ಬರೀ ಶೇಂಗಾ ಕೊಟ್ಟು ಕಳಿಸಿದೆ. ಆದರೆ ಅವಳು ತೋಳು ಚಾಚುವುದು ನನಗೊಬ್ಬಳಿಗೇ.

ನಾಳೆ ನನ್ನ ಈ ತೊಂಬತ್ತು ಮುಗಿಯುತ್ತದೆ. ನನ್ನ ಸಾಲು ದ್ಯಾಮಣ್ಣನ ಪಾಲಿಗೆ ಬಂದಿದೆ. ದಪ್ಪ ಮೀಸೆಯ, ಸಾವಧಾನದ ಮನುಷ್ಯ. ಎರಡು ಹೆಣ್ಣುಮಕ್ಕಳ ತಂದೆ, ಅವನದು ಈಗ ಎಪ್ಪತ್ತೊಂದನೆಯ ದಿನ. ಸಾಲು ಒಪ್ಪಿಸಲೆಂದು ಮೊನ್ನೆ ಅವನಿಗೆ ಬಿಳಿ ಅಂಗಿ ತೊಡಿಸಿ ಗೌಡ್ತಿಯ ಮುಂದೆ ಕೂರಿಸಿದೆ. ಅವನು ಕೈಕಿಂಡಿಯ ಹತ್ತಿರ ಕೈ ತಂದನೋ ಇಲ್ಲವೋ, ಅವಳು ಎರಗಿ ಬಂದು ಸರಳು ಕಚ್ಚಿದಳು.

"ಯಕ್ಕಾ, 'ಕೈ ಚಾಚ್ತಾಳ' ಅಂತ ಬರದೀರಿ," ಎಂದ ದ್ಯಾಮಣ್ಣ ಹಿಂದೆ ಸರಿದು. "ಬಾಯಿನೂ ಚಾಚ್ತಾಳ ಅಂತ ಬರದಿಲ್ಲ ನೋಡ್ರಿ."

"ಸುಮ್ನ ಕೂತು ಮಾತಾಡ್ಸು, ಬರ್ತಾಳ."

"ಏನ್ ಮಾತಾಡ್ಸಲಿ? ನಮ್ಮನ್ಯಾಕಿ ಜೋಡಿನ ನನಗ ಎರಡು ಮಾತಿನ ಮ್ಯಾಲೆ ಮೂರನೇದು ಹೊಂಡಂಗಿಲ್ಲ."

ನಾನು ನಗಲಿಲ್ಲ. ಅವನು ನನ್ನ ಮಣಿಕಟ್ಟಿನ ಕಲೆಯ ಕಡೆ ನೋಡಿದ. "ಖರೆ ಹೇಳ್ರಿ ಯಕ್ಕಾ. ಅವತ್ತ ಸೂಜಿ ಚುಚ್ಚಿತ್ತೇನು?"

ಹೇಳಿದೆ. ಅಂಗಿಯ ಬಣ್ಣ, ಅಡ್ಡಗೆರೆ, ಸರಿಗೋಡೆಯ ಏಳು ಸಲ, ಎ​ಲ್ಲವನ್ನೂ.

"ಹಂಗಾರ ಆಕಿ ಬಾಯಾಗ ನನ್ನ ಕೈ ಇಟ್ಟು, ನೀವು ಮನಿಗೆ ಹೊಂಟಿದ್ರೇನ್ರಿ?" ಎಂದ. ದನಿ ಏರಿಸಲಿಲ್ಲ. ಬಹಳ ಹೊತ್ತು ಗ್ಲೌಸಿನ ಬೆರಳುಗಳನ್ನು ಎಳೆಯುತ್ತ ಕೂತಿದ್ದು, ಆಮೇಲೆ, "ಇರ್ಲಿ ಬಿಡ್ರಿ. ನಾ ಯಾರ ಮುಂದೂ ಅನ್ನಂಗಿಲ್ಲ. ಹೆಂಗರ ನಿಭಾಸ್ತೀನಿ. ನೀವು ಹೋಗಿ ಮಮ್ಮಗಳ್ನ ನೋಡ್ರಿ," ಎಂದ.

ಅವನು ಬೈದಿದ್ದರೆ ಹೋಗಿಬಿಡುತ್ತಿದ್ದೆನೇನೋ. ಹೆಂಗರ ನಿಭಾಯಿಸುವುದೆಂದರೆ ಏನೆಂದು ನನಗೆ ಗೊತ್ತು: ಎಂಟು ದಿನಕ್ಕೊಮ್ಮೆ ಸರಿಗೋಡೆ, ಎಂಟು ದಿನಕ್ಕೊಂದು ಸುಳ್ಳು, ಒಂದು ದಿನ ಕೈ ತಪ್ಪಿ ಅವನ ಬೆರಳು. ಆ ದಿನ ಅವನ ಮಕ್ಕಳೂ ಒಂದರಿಂದ ಎಣಿಸಬೇಕು, ಗೌಡ್ತಿಯೂ ಉಳಿಯುವುದಿಲ್ಲ. ಈ ಮನೆಯಲ್ಲಿ ನಾವೆಲ್ಲ ಒಬ್ಬರು ಬರೆದದ್ದನ್ನು ನಂಬಿ ಇನ್ನೊಬ್ಬರು ಕೈ ಒಳಗೆ ಹಾಕುವವರು. ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಕೊನೆಯ ಸಹಿಗಾಗಿ ಪುಸ್ತಕ ನನ್ನ ಮುಂದೆ ಬರುತ್ತದೆ. ಸೂಜಿಯ ಸಾಲನ್ನು ಹೊಡೆದುಹಾಕಿ ನಿಜ ಬರೆಯುತ್ತೇನೆ. ಸುಳ್ಳು ದಾಖಲೆಗೆ ನನಗೆ ಇನ್ನೊಂದು ತೊಂಬತ್ತು. ನಾನು ನೋಡುವ ಹೊತ್ತಿಗೆ ಕೂಸಿಗೆ ನೂರಾ ಹದಿಮೂರು ದಿನ, ಕತ್ತು ನಿಂತಿರುತ್ತದೆ.

ಗೌಡ್ತಿಯ ವಿಷಯಕ್ಕೆ ನಿಮಗೆ ಬರೆಯುತ್ತಿದ್ದೇನೆ. ಆರು ಕಾಲಂಗಳನ್ನು ಎಷ್ಟು ಸಲ ಓದಿದರೂ ಗುರುತು ಬೀಳಲು ಪ್ರಾಣಿಯೊಂದೇ ಜಾಗ. ನಾನು ಹಳದಿ ಅಂಗಿಯಲ್ಲಿ ಹೋದದ್ದನ್ನು ಬರೆಯಲು ಎಲ್ಲೂ ಸ್ಥಳವಿಲ್ಲ. ಅಂಚಿನಲ್ಲಿ ಬರೆದದ್ದನ್ನು ಮೇಲಿನವರು ಓದುವುದಿಲ್ಲ. ಅವರ ಯಂತ್ರ ಕಾಲಂ ಒಳಗಿನದನ್ನಷ್ಟೇ ಓದುತ್ತದೆ. ಆದ್ದರಿಂದ ದಯವಿಟ್ಟು ಏಳನೆಯದೊಂದು ಕಾಲಂ ಹಾಕಿ: 'ಅದಕ್ಕೆ ಮುಂಚೆ ಮನುಷ್ಯರು ಏನು ಮಾಡಿದರು.' ಎರಡು ಬೆರಳಗಲ ಸಾಕು. ಗಾಯದ ಆಳಕ್ಕೆ ನೀವು ಬೇಕಾದ್ದಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೀರಿ, ಅದರಲ್ಲಿ ಕತ್ತರಿಸಬಹುದು.

ಹಿಂದೆ ಹೋದ ಕಾಗದಗಳಿಂದ ಇಲ್ಲಿ ಸಣ್ಣಪುಟ್ಟ ಬದಲಾವಣೆ ಆಗುತ್ತದೆಂದು ಹೇಳುತ್ತಾರೆ. ಕಳೆದ ವರ್ಷ ನಮ್ಮ ಅಡಿಗೆಯವರು ಬಾಣಲೆ ಮಾಡುವವರಿಗೆ ಬರೆದು ಡಬ್ಬಿಗೆ ಹಾಕಿದರು. ಮರುದಿನ ನಮ್ಮ ದೊಡ್ಡ ಬಾಣಲೆಗೆ ಎರಡು ಹಿಡಿಗಳಿದ್ದವು. ಮೊದಲಿನಿಂದಲೂ ಎರಡೇ ಎಂದು ಎಲ್ಲರೂ ಆಣೆ ಮಾಡಿದರು. ಒಂದೇ ಹಿಡಿ ಇತ್ತೆಂದು ಅಡಿಗೆಯವರೊಬ್ಬರೇ ಅಂಗೈಯ ಸುಟ್ಟ ಕಲೆ ತೋರಿಸುತ್ತಿದ್ದರು. ಅದು ನಿಜವೋ, ಕಾಗದ ಸುಟ್ಟ ಬೂದಿಯೋ, ನನಗೆ ತಿಳಿಯದು. ಆದರೆ ಬೇರೆ ಬಾಗಿಲುಗಳನ್ನೆಲ್ಲ ತಳ್ಳಿ ನೋಡಿದ್ದೇನೆ.

ನಾಳೆ ಎಂಟಕ್ಕೆ ಪುಸ್ತಕ ತೆರೆಯುತ್ತೇನೆ. ಕಾಲಂ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಅಂಚಿನಲ್ಲಿ, ಎಲ್ಲಾದರೂ ಬರೆಯುವುದಂತೂ ಖಂಡಿತ. ನೀವು ಗೆರೆ ಎಳೆಯುವಾಗ ಸ್ಕೇಲು ಇಟ್ಟು ನೇರವಾಗಿ ಎಳೆಯಿರಿ. ನಿಮ್ಮ ನಂತರದವರು ಬಹಳ ಕಾಲ ಅದನ್ನೇ ನೋಡಿ ಎಳೆಯುತ್ತಾರೆ.

ಹುಲಿಗೆಮ್ಮ
ಮೂರನೆಯ ಸಾಲು, ಎಂಬತ್ತೊಂಬತ್ತನೆಯ ದಿನ